ಮದಕರಿ ನಾಯಕರ ಕಾಲದವರೆಗೂ ದೈತ್ಯ ಪ್ರಾಣಿಗಳು ಉಳಿದಿದ್ದರೆ? (ಹಿಡಿಂಬನ ಹಲ್ಲಿನಿಂದ ಶುರುವಾದ ತಲೆಹರಟೆ)

ಕೋಟೆ ಕೆಳಗಿನವ:
ಹೋದ ಭಾನುವಾರ ಅಕ್ಕನ ಮಗನನ್ನು ದುರ್ಗದ ಕೋಟೆಗೆ ಕರೆದುಕೊಂಡು ಹೋಗಿದ್ದೆ. ಮೂರನೇ ಕ್ಲಾಸಿನ ಹುಡುಗ. ಒನಕೆ ಓಬವ್ವನ ಕಿಂಡಿ ಆಯಿತು, ಏಕನಾಥೇಶ್ವರಿ ಗುಡಿ ಆಯಿತು, ಕೊನೆಗೆ ಹಿಡಿಂಬೇಶ್ವರನ ಗುಡಿಗೆ ಬಂದೆವು. ಭೀಮ ಹಿಡಿಂಬನನ್ನು ಕೊಂದಿದ್ದು ಇದೇ ಬೆಟ್ಟದಲ್ಲಿ, ಅವನ ಹಲ್ಲು ಇಲ್ಲಿದೆ, ಭೀಮನ ಭೇರಿಯೂ ಇದೆ ಅಂತ ನಮ್ಮಪ್ಪ ನನಗೆ ಹೇಳಿದ ಹಾಗೇ ನಾನೂ ಅವನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಮಾಮಾ, ಇದು ಡೈನೋಸಾರ್ ಹಲ್ಲು ಇರಬಹುದಲ್ವಾ?" ಅಂದ.

ಇಲ್ಲ ಅಂದೆ. ಯಾಕಿಲ್ಲ ಅಂದ. ಬಾಯಿಗೆ ಬೀಗ ಬಿತ್ತು.

ಅವತ್ತಿನಿಂದ ತಲೆಯಲ್ಲಿ ಒಂದೇ ಹುಳ. ಹಳೇ ಕಾಲದ ದೊಡ್ಡ ಪ್ರಾಣಿ ಯಾವುದಾದರೂ ಸಾಯದೆ, ರಾಜರು ಶಾಸನ ಬರೆಸುವ ಕಾಲದವರೆಗೂ ಉಳಿದುಕೊಂಡು ಬಂದಿದ್ದರೆ? 1779ರಲ್ಲಿ ಹೈದರ್ ಅಲಿ ಕೋಟೆ ಹಿಡಿಯುವಾಗ ನಾಯಕರ ಕಡೆ ಅಂಥದ್ದೊಂದು ನಿಂತಿದ್ದರೆ? ಒಬ್ಬೊಬ್ಬರೂ ಒಂದೊಂದು ಪ್ರಾಣಿ ಹಿಡಿದುಕೊಂಡು ಬನ್ನಿ. ಒಂದೇ ಷರತ್ತು. ಅದು ನಮ್ಮ ಬಯಲುಸೀಮೆಯಲ್ಲಿ ಬದುಕಬೇಕು.

ಬೆಣ್ಣೆ ಖಾಲಿ:
ದಾವಣಗೆರೆ ಕಡೆಯಿಂದ ನನ್ನ ವೋಟು ರಾಜಾಸಾರಸ್‌ಗೆ. ಗುಜರಾತಿನಲ್ಲಿ ಸಿಕ್ಕಿದ, ನಮ್ಮ ದೇಶದ್ದೇ ಡೈನೋಸಾರ್. 2003ರಲ್ಲಿ ಹೆಸರಿಟ್ಟರು. ತಲೆ ಮೇಲೆ ಗಿಡ್ಡ ಕೊಂಬು, ಅಪ್ಪಟ ಮಾಂಸಾಹಾರಿ. ಏಳು ಸುತ್ತಿನ ಕೋಟೆಗೆ ಸುತ್ತಿಗೊಂದು ಬಿಟ್ಟರೆ ಮುಗಿಯಿತು. ಹೈದರನ ಸೈನ್ಯ ಹಿಂದಿರುಗಿ ನೋಡದೆ ಶ್ರೀರಂಗಪಟ್ಟಣ ಸೇರುತ್ತಿತ್ತು.

ಕಲ್ಲು ಒಡೆಯುವವಳು:
ಭೂವಿಜ್ಞಾನ ಓದಿದವಳು ನಾನು. ಈ ವಿಷಯಕ್ಕೆ ಬೇಗ ಸಿಟ್ಟು ಬರುತ್ತದೆ, ಬೈದುಕೊಳ್ಳಬೇಡಿ.

ಮೊದಲು ಆ ಹುಡುಗನಿಗೆ ಉತ್ತರ. ಡೈನೋಸಾರ್‌ಗಳು ಹೋಗಿ 6.6 ಕೋಟಿ ವರ್ಷ ಆಯಿತು. ಅವುಗಳ ಮೂಳೆ ಸಿಗಬೇಕಾದರೆ ಆ ಕಾಲದಲ್ಲಿ ಕೂತ ಮಣ್ಣು, ಮರಳು ಕಲ್ಲಾಗಿ ಉಳಿದಿರಬೇಕು. ಗುಜರಾತಿನಲ್ಲಿ, ಜಬಲ್ಪುರದಲ್ಲಿ, ತಮಿಳುನಾಡಿನ ಅರಿಯಲೂರಿನಲ್ಲಿ ಅಂಥ ಕಲ್ಲು ಇದೆ. ನಮ್ಮ ದುರ್ಗದ ಬಂಡೆ ಅದಕ್ಕಿಂತ ಎಷ್ಟು ಹಳೆಯದು ಗೊತ್ತಾ? ಸುಮಾರು 260 ಕೋಟಿ ವರ್ಷ. ಆಗ ಭೂಮಿ ಮೇಲೆ ಹಲ್ಲಿರುವ ಪ್ರಾಣಿಯೇ ಇರಲಿಲ್ಲ. ಹಲ್ಲು ಬಿಡಿ, ಹುಲ್ಲೂ ಇರಲಿಲ್ಲ. ಇದ್ದಿದ್ದು ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳು ಮಾತ್ರ.

ಐಮಂಗಲದ ಹತ್ತಿರ ಮರಡಿಹಳ್ಳಿಗೆ ಹೋಗಿ ನೋಡಿ. ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದ ಹಾಗೆ ಕಾಣುವ ಕಲ್ಲುಗಳಿವೆ. ಸಮುದ್ರದ ತಳದಲ್ಲಿ ಲಾವಾ ಉಕ್ಕಿ, ನೀರು ತಾಗಿದ ಕೂಡಲೇ ಮೇಲ್ಮೈ ಗಟ್ಟಿಯಾಗಿ, ಒಳಗಿನದು ಇನ್ನೊಂದು ದಿಂಬಾಗಿ ಹೊರಗೆ ಬಂದು ಆಗಿದ್ದು ಅವು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಬೋರ್ಡ್ ಕೂಡ ಇದೆ. ಅಂದರೆ ನಮ್ಮ ಜಿಲ್ಲೆ ಒಂದಾನೊಂದು ಕಾಲದಲ್ಲಿ ಸಮುದ್ರದ ತಳ. ಈಗ ಅಲ್ಲೇ ಪಕ್ಕದಲ್ಲಿ ಸಾವಿರ ಅಡಿ ಬೋರ್ ಕೊರೆಸಿದರೂ ಧೂಳೇ ಬರುತ್ತದೆ ಅನ್ನೋದು ಬೇರೆ ಮಾತು.

ಬೆಣ್ಣೆ ಖಾಲಿ:
ಹಾಗಾದರೆ ದುರ್ಗದಲ್ಲಿ ಡೈನೋಸಾರ್ ಇಲ್ಲವೇ ಇಲ್ಲ ಅಂತೀರಾ?

ಕಲ್ಲು ಒಡೆಯುವವಳು:
ಇದೆ. ನಿಮ್ಮ ಮನೆ ತಿಪ್ಪೆ ಕೆದಕುತ್ತಿರುತ್ತದೆ ನೋಡಿ. ಹಕ್ಕಿಗಳೆಲ್ಲಾ ಡೈನೋಸಾರ್ ವಂಶದವೇ. ಜವಾರಿ ಕೋಳಿಯ ಕಾಲು ಒಮ್ಮೆ ಗಮನವಿಟ್ಟು ನೋಡಿ.

ಬೆಣ್ಣೆ ಖಾಲಿ:
ಭಾನುವಾರ ಅರ್ಧ ಕೆಜಿ ರಾಜಾಸಾರಸ್ ತಂದೆ. ಮುದ್ದೆಗೆ ಚೆನ್ನಾಗಿತ್ತು.

ಜೋಗಿಮಟ್ಟಿ ಗಾಳಿ:
ಡೈನೋಸಾರ್ ಬಿಡಿ, ಅದು ತೀರಾ ದೂರ. ಮನುಷ್ಯನ ಜೊತೆ ಬದುಕಿದ ಪ್ರಾಣಿಯನ್ನೇ ಹಿಡಿಯೋಣ. ನಾನು ತರುವುದು ಪೇಲಿಯೋಲಾಕ್ಸೊಡಾನ್ ನಮಾಡಿಕಸ್, ಅಳಿದು ಹೋದ ಒಂದು ದೈತ್ಯ ಆನೆ. ಹೆಸರು ಉದ್ದ, ಪ್ರಾಣಿ ಅದಕ್ಕಿಂತ ಉದ್ದ. ನರ್ಮದಾ, ಗೋದಾವರಿ ಕಣಿವೆಗಳಲ್ಲಿ ಇದರ ಮೂಳೆ ಸಿಕ್ಕಿವೆ. ನಮ್ಮ ಗಂಡಾನೆಯ ಭುಜ ಸಾಮಾನ್ಯವಾಗಿ ಪೌಣೆ ಮೂರು ಮೀಟರ್ ಇರುತ್ತದೆ. ಇದರದ್ದು ನಾಲ್ಕು ದಾಟುತ್ತಿತ್ತು. ಭೂಮಿ ಮೇಲೆ ನಡೆದ ಅತಿ ದೊಡ್ಡ ಸಸ್ತನಿಗಳ ಸಾಲಿನಲ್ಲಿ ಇದನ್ನೂ ಎಣಿಸುತ್ತಾರೆ. ದಸರಾದ 750 ಕೆಜಿ ಚಿನ್ನದ ಅಂಬಾರಿ ಇದರ ಬೆನ್ನ ಮೇಲೆ ಇಟ್ಟರೆ ಮದುಮಗನ ತಲೆ ಮೇಲಿನ ಬಾಸಿಂಗದ ಹಾಗೆ ಕಾಣುತ್ತಿತ್ತು.

ಇನ್ನೊಂದು ವಿಷಯ. ಮದ ಅಂದರೆ ಮದವೇ, ಕರಿ ಅಂದರೆ ಆನೆ. ಮದವೇರಿದ ಆನೆಯನ್ನು ಪಳಗಿಸಿದ್ದಕ್ಕೆ ನಾಯಕರಿಗೆ ಆ ಹೆಸರು ಬಂತು ಅಂತ ಹೇಳುತ್ತಾರೆ. ಇಂಥ ಆನೆ ಪಳಗಿಸಿದ್ದರೆ ಹೆಸರನ್ನು ಇನ್ನೂ ಉದ್ದ ಮಾಡಬೇಕಾಗುತ್ತಿತ್ತು.

ಮತ್ತೆ ಹಲ್ಲಿನ ವಿಷಯ. ಆನೆಯ ದವಡೆ ಹಲ್ಲು ನೋಡಿದ್ದೀರಾ? ಇಟ್ಟಿಗೆಗಿಂತ ದೊಡ್ಡದು, ಮೇಲೆ ಅಡ್ಡಡ್ಡ ಗೆರೆ. ಆನೆಗೆ ಜೀವಮಾನದಲ್ಲಿ ದವಡೆ ಹಲ್ಲು ಆರು ಸಲ ಬರುತ್ತದೆ. ಒಂದು ಸವೆದ ಹಾಗೆ ಹಿಂದಿನಿಂದ ಇನ್ನೊಂದು ಮುಂದಕ್ಕೆ ಜರುಗುತ್ತದೆ. ಆರನೆಯದೂ ಸವೆದ ಮೇಲೆ ಅಗಿಯಲಾಗದೆ ಸಾಯುತ್ತದೆ. ಆನೆಯನ್ನೇ ಕಾಣದ ಊರಿನಲ್ಲಿ ಅಂಥ ಹಲ್ಲೊಂದು ಮಣ್ಣಿನಲ್ಲಿ ಸಿಕ್ಕರೆ ರಾಕ್ಷಸನದು ಅಂದುಕೊಳ್ಳದೆ ಇನ್ನೇನು ಅಂದುಕೊಳ್ಳುತ್ತಾರೆ?

ಬಯಲುಸೀಮೆ ಮೇಷ್ಟ್ರು:
ಅಂದುಕೊಂಡಿದ್ದಾರೆ. ಅದಕ್ಕೆ ದಾಖಲೆಯೇ ಇದೆ. 14ನೇ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ಉತ್ತರದಲ್ಲಿ ಕಾಲುವೆ ತೋಡಿಸುವಾಗ ದೊಡ್ಡ ದೊಡ್ಡ ಮೂಳೆ ಸಿಕ್ಕವು. ಕೆಲವು ಆನೆಯವು, ಕೆಲವು ಮನುಷ್ಯರವು, ಒಂದು ಮುಂಗೈ ಮೂಳೆಯೇ ಮೂರು ಗಜ ಅಂತ ಇತಿಹಾಸಕಾರ ಫೆರಿಷ್ತಾ ಬರೆದಿಟ್ಟಿದ್ದಾನೆ. ಮೂರು ಗಜದ ಮುಂಗೈ ಇರುವ ಮನುಷ್ಯ ಎಲ್ಲಿಯವನು? ಹಿಮಾಲಯದ ತಪ್ಪಲಿನ ಶಿವಾಲಿಕ್ ಬೆಟ್ಟದ ಪಳೆಯುಳಿಕೆ ಇರಬೇಕು ಅನ್ನುವುದು ಆಮೇಲಿನವರ ತರ್ಕ. 1830ರ ದಶಕದಲ್ಲಿ ಫಾಲ್ಕನರ್, ಕಾಟ್ಲಿ ಅದೇ ಬೆಟ್ಟಗಳನ್ನು ಅಗೆದು ರಾಶಿ ರಾಶಿ ಮೂಳೆ ತೆಗೆದರು.

ಗ್ರೀಕರಿಗೂ ಇದೇ ಕಥೆ. ಆನೆಯ ತಲೆಬುರುಡೆ ನಡುವೆ ಸೊಂಡಿಲು ಕೂರುವ ದೊಡ್ಡ ತೂತು ಇರುತ್ತದೆ. ಮೆಡಿಟರೇನಿಯನ್ ದ್ವೀಪಗಳಲ್ಲಿ ಗಿಡ್ಡ ಆನೆಗಳ ಬುರುಡೆ ಸಿಗುತ್ತವೆ. ಆ ತೂತನ್ನು ಕಣ್ಣು ಅಂದುಕೊಂಡೇ ಒಕ್ಕಣ್ಣಿನ ರಾಕ್ಷಸನ ಕಥೆ ಹುಟ್ಟಿರಬೇಕು ಅಂತ ಒಬ್ಬ ವಿದ್ವಾಂಸ 1914ರಲ್ಲಿ ಹೇಳಿದ್ದ. ನಮ್ಮ ಹಿಡಿಂಬನಿಗೆ ಎರಡು ಕಣ್ಣು ಇದ್ದವು, ಪುಣ್ಯ.

ಶಾಂತಿಸಾಗರದ ಮೀನು:
ಹಾಗಾದರೆ ಗಂಡಭೇರುಂಡ? ಬಳ್ಳಿಗಾವಿಯಲ್ಲಿ 1047ರಲ್ಲೇ ಕಂಬ ನಿಲ್ಲಿಸಿದ್ದಾರೆ. ಶರಭ, ಯಾಳಿ, ಇವೆಲ್ಲಾ ಏನೂ ನೋಡದೆ ಕೆತ್ತಿದ್ದಾ? ಯಾವುದೋ ಹಳೇ ಪ್ರಾಣಿಯ ನೆನಪು ಇರಬೇಕು.

ಕಲ್ಲು ಒಡೆಯುವವಳು:
ಎರಡು ತಲೆಯ ಹಕ್ಕಿಯ ಪಳೆಯುಳಿಕೆ ತೋರಿಸಿ, ಕಂಬಕ್ಕೆ ನಾನೇ ಹೂವಿನ ಹಾರ ಹಾಕುತ್ತೇನೆ. ಶಿಲ್ಪಿಗೆ ಕಲ್ಪನೆ ಇರಬಾರದಾ? ಸಿಂಹದ ಮುಖಕ್ಕೆ ಆನೆಯ ಸೊಂಡಿಲು ಅಂಟಿಸಲು ಪಳೆಯುಳಿಕೆ ಯಾಕೆ ಬೇಕು?

ಜೋಗಿಮಟ್ಟಿ ಗಾಳಿ:
ಇದಕ್ಕೆ ಒಳ್ಳೇ ಉದಾಹರಣೆ ಇದೆ, ಸ್ವಲ್ಪ ತಾಳ್ಮೆಯಿಂದ ಓದಿ. ಶಿವಾಲಿಕ್‌ನಲ್ಲಿ ಸಿಕ್ಕ ಶಿವಥೀರಿಯಂ ಅಂತ ಒಂದು ಪ್ರಾಣಿ. ಜಿರಾಫೆಯ ನೆಂಟ, ಆದರೆ ಗಿಡ್ಡ ಕತ್ತು, ಆನೆಯಂಥ ಮೈಕಟ್ಟು, ತಲೆ ಮೇಲೆ ದೊಡ್ಡ ಕೊಂಬುಗಳು. ಶಿವನ ಹೆಸರನ್ನೇ ಇಟ್ಟಿದ್ದಾರೆ. ಇನ್ನೊಂದು ಕಡೆ ಇರಾಕಿನ ಕಿಶ್ ಅನ್ನುವ ಪುರಾತನ ಊರಿನಲ್ಲಿ ತಾಮ್ರದ ಒಂದು ಬಳೆ ಸಿಕ್ಕಿತು. ರಥದ ಲಗಾಮು ತೂರಿಸುವುದು. ಅದರ ಮೇಲೆ ಕೊಂಬಿನ ಪ್ರಾಣಿಯೊಂದರ ಗೊಂಬೆ. 1936ರಲ್ಲಿ ಕೋಲ್ಬರ್ಟ್ ಅನ್ನುವ ವಿಜ್ಞಾನಿ ಅದನ್ನು ನೋಡಿ, ಇದು ಶಿವಥೀರಿಯಂ ಇರಬಹುದು, ಸುಮೇರಿಯನ್ನರ ಕಾಲದವರೆಗೂ ಅದು ಬದುಕಿತ್ತೇನೋ ಅಂದ. ಎಂಥ ಸುದ್ದಿ! ನಾನಾಗಿದ್ದರೆ ಅವತ್ತು ಊಟ ಬಿಡುತ್ತಿದ್ದೆ.

ಎಷ್ಟೋ ವರ್ಷದ ಮೇಲೆ ಅದೇ ಗೊಂಬೆಯ ಮುರಿದ ಕೊಂಬಿನ ತುಂಡುಗಳು ಸಿಕ್ಕವು. ಜೋಡಿಸಿ ನೋಡಿದರೆ ಆ ಸೀಮೆಯ ಸಾಧಾರಣ ಜಿಂಕೆ. ಕೊಂಬು ಮುರಿದಿದ್ದಕ್ಕೆ ಅಷ್ಟು ದಿನ ದೈತ್ಯನಾಗಿತ್ತು.

ಕೋಟೆ ಕೆಳಗಿನವ:
ಅಯ್ಯೋ, ಓದುವಾಗ ಎಷ್ಟು ಖುಷಿಯಾಗಿತ್ತು. ಕೊನೆಯ ಎರಡು ಸಾಲು ಬರೆಯದೆ ಇರಬಹುದಿತ್ತು.

ಶಾಂತಿಸಾಗರದ ಮೀನು:
ನಾನು ಇನ್ನೂ ಸೋತಿಲ್ಲ. 1938ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಸೀಲಕಾಂತ್ ಮೀನು ಬಲೆಗೆ ಬೀಳಲಿಲ್ವಾ? ಡೈನೋಸಾರ್ ಜೊತೆಗೇ ಹೋಯಿತು ಅಂತ ಎಲ್ಲರೂ ಬರೆದುಕೊಂಡು ಕೂತಿದ್ದರು. ಹಾಗೇ ನಮ್ಮ ಸೂಳೆಕೆರೆಯಲ್ಲೋ, ಮಾರಿಕಣಿವೆಯಲ್ಲೋ ಏನಾದರೂ ಇರಬಾರದಾ?

ಬಯಲುಸೀಮೆ ಮೇಷ್ಟ್ರು:
ಸಮುದ್ರದ ಆಳ ಬೇರೆ, ನಮ್ಮ ಕೆರೆ ಬೇರೆ ಮಾರಾಯರೇ. ಮಾರಿಕಣಿವೆಗೆ ಕಟ್ಟೆ ಕಟ್ಟಿ ಮುಗಿಸಿದ್ದೇ 1907ರಲ್ಲಿ. ಅದಕ್ಕೂ ಮುಂಚೆ ನಿಮ್ಮ ಪ್ರಾಣಿ ಎಲ್ಲಿ ಬಾಡಿಗೆಗಿತ್ತು? 1933ರಲ್ಲಿ ಕೋಡಿ ಬಿದ್ದಿದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. ನಡುವೆ ತಳ ಕಂಡ ವರ್ಷಗಳು ಎಷ್ಟೋ. ಹಿರಿಯೂರಿನವರು ನೀರು ಹುಡುಕಿಕೊಂಡು ಕೆರೆಯ ಮೂಲೆ ಮೂಲೆ ನೋಡಿದ್ದಾರೆ. ದೈತ್ಯ ಇದ್ದಿದ್ದರೆ ಬಿಡುತ್ತಿದ್ದರಾ? ನಮ್ಮ ಕಡೆ ಒಂದು ಮೇಕೆ ತಪ್ಪಿಸಿಕೊಂಡರೆ ಮೂರು ಊರಿಗೆ ಗೊತ್ತಾಗುತ್ತದೆ.

ಜಗಳೂರು ಜಾಲಿ:
ಗಂಡಭೇರುಂಡ ಬೇಡ ಅಂದಿರಿ. ನಾಲ್ಕು ಕೊಂಬಿನ ಜಿಂಕೆ ಅಂದರೆ ನಂಬುತ್ತೀರಾ? ನಮ್ಮ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಇದೆ. ಕೊಂಡುಕುರಿ. ಎರಡು ಕೊಂಬು ಕಿವಿ ನಡುವೆ, ಎರಡು ಹಣೆ ಮೇಲೆ. ಇದು ಅಳಿದು ಹೋಗಿದ್ದು, ಶಿಲ್ಪದಲ್ಲಿ ಮಾತ್ರ ಇದ್ದಿದ್ದರೆ ನೀವೆಲ್ಲಾ ಶಿಲ್ಪಿಯ ಕಲ್ಪನೆ ಅನ್ನುತ್ತಿದ್ದಿರಿ. ಅಷ್ಟೇ ನನ್ನ ಮಾತು.

ಕಲ್ಲು ಒಡೆಯುವವಳು:
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಒಂದು ಅಂಕ ಜಗಳೂರಿಗೆ.

ಕೋಟೆ ಕೆಳಗಿನವ:
ಸರಿ, ಜೋಗಿಮಟ್ಟಿಯವರ ದೊಡ್ಡ ಆನೆಗೇ ಬರೋಣ. ಕೋಟೆಯಲ್ಲಿ ಅದನ್ನು ಎಲ್ಲಿ ಕಟ್ಟುವುದು? ಬಾಗಿಲುಗಳಲ್ಲಿ ನುಗ್ಗುತ್ತದಾ?

ಜೋಗಿಮಟ್ಟಿ ಗಾಳಿ:
ನುಗ್ಗುವುದಿಲ್ಲ. ಬಾಗಿಲ ಮುಂದೆ ದಾರಿಯನ್ನು ಅಷ್ಟು ತಿರುವಿ ಇಟ್ಟಿರುವುದೇ ಆನೆ ದೂರದಿಂದ ಓಡಿ ಬಂದು ಗುದ್ದಬಾರದು ಅಂತ. ಹೈದರನ ಕಡೆ ಇಂಥ ಆನೆ ಇದ್ದರೂ ಪ್ರಯೋಜನ ಇಲ್ಲ, ನಾಯಕರ ಕಡೆ ಇದ್ದರೂ ಒಳಗೆ ತರಲಾಗದು. ಕೋಟೆ ಕಟ್ಟುವಾಗಲೇ ಅಳತೆ ಬೇರೆ ಇಟ್ಟುಕೊಳ್ಳಬೇಕಿತ್ತು. ಆದರೆ ನಿಜವಾದ ತೊಂದರೆ ಬಾಗಿಲಲ್ಲ, ನೀರು. ಸಾಧಾರಣ ಆನೆಗೇ ದಿನಕ್ಕೆ 150 ಕೆಜಿ ಮೇವು, 100 ಲೀಟರಿಗೂ ಜಾಸ್ತಿ ನೀರು ಬೇಕು. ಇದಕ್ಕೆ ಎಷ್ಟು ಬೇಕೋ ನೀವೇ ಗುಣಿಸಿಕೊಳ್ಳಿ. ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿಯರ ಹೊಂಡ ಅಂತ ಮಳೆ ನೀರು ಹನಿ ಹನಿ ಹಿಡಿದಿಟ್ಟ ಕೋಟೆ ಇದು. ಮುತ್ತಿಗೆ ತಿಂಗಳುಗಟ್ಟಲೆ ನಡೆದರೆ ಹೈದರ್ ಏನೂ ಮಾಡಬೇಕಿಲ್ಲ. ಆನೆಯೇ ಹೊಂಡ ಖಾಲಿ ಮಾಡಿ ಕೋಟೆ ಬಿಟ್ಟುಕೊಡುತ್ತದೆ.

ತಮಾಷೆ ಅಂದುಕೊಳ್ಳಬೇಡಿ. ಅಲಾಸ್ಕಾದ ಆಚೆ ಸೇಂಟ್ ಪಾಲ್ ಅಂತ ಒಂದು ಪುಟ್ಟ ದ್ವೀಪ. ಅಲ್ಲಿ ಸುಮಾರು 5600 ವರ್ಷದ ಹಿಂದಿನವರೆಗೂ ಆನೆಯ ನೆಂಟರಾದ ಮ್ಯಾಮತ್‌ಗಳು ಇದ್ದವು. ಮನುಷ್ಯ ಅಲ್ಲಿಗೆ ಹೋಗೇ ಇರಲಿಲ್ಲ, ಬೇಟೆ ಇಲ್ಲ. ಸಮುದ್ರ ಏರಿತು, ದ್ವೀಪ ಕುಗ್ಗಿತು, ಸಿಹಿನೀರಿನ ಕೆರೆಗಳು ಬತ್ತುತ್ತಾ ಬಂದವು. ಉಳಿದ ಕೆರೆಯ ಸುತ್ತಲೇ ಎಲ್ಲಾ ಮ್ಯಾಮತ್ ಸೇರಿ, ದಡ ತುಳಿದು, ನೀರು ಕದಡಿ ಇನ್ನೂ ಹಾಳು ಮಾಡಿಕೊಂಡವು. ಬಾಯಾರಿ ಸತ್ತವು. ಮೈ ತುಂಬಾ ಕೂದಲಿನ ಆ ಪ್ರಾಣಿಯನ್ನು ನಾವು ಹಿಮದ ಜೊತೆ ಮಾತ್ರ ಯೋಚಿಸುತ್ತೇವೆ. ಅದು ಸತ್ತ ರೀತಿ ಮಾತ್ರ ಚಳ್ಳಕೆರೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬಯಲುಸೀಮೆ ಮೇಷ್ಟ್ರು:
ಅದಕ್ಕೂ ತಡವಾಗಿ ಹೋದ ಮ್ಯಾಮತ್‌ಗಳಿವೆ. ಸೈಬೀರಿಯಾದ ಉತ್ತರಕ್ಕೆ ರ‍್ಯಾಂಗಲ್ ದ್ವೀಪದಲ್ಲಿ ಸುಮಾರು 4000 ವರ್ಷದ ಹಿಂದಿನವರೆಗೂ ಬದುಕಿದ್ದವು. ಆಗ ಈಜಿಪ್ಟಿನಲ್ಲಿ ಗೀಜಾದ ಪಿರಮಿಡ್ ಕಟ್ಟಿ ಎಷ್ಟೋ ತಲೆಮಾರು ಕಳೆದಿತ್ತು. ಅಂದರೆ "ಇತಿಹಾಸದ ಕಾಲಕ್ಕೂ ಉಳಿದಿದ್ದರೆ" ಅಂತ ನೀವು ಕೇಳುತ್ತಿದ್ದೀರಲ್ಲ, ಉಳಿದಿದ್ದವು. ಬರೆಯುವವರು ಇರುವ ಕಡೆ ಅವು ಇರಲಿಲ್ಲ, ಅಷ್ಟೇ.

ಈಗ ನನ್ನ ಪ್ರಾಣಿ ತರುತ್ತೇನೆ. ದಯವಿಟ್ಟು ನಗಬೇಡಿ. ಎತ್ತು.

ಬೆಣ್ಣೆ ಖಾಲಿ:
ಮೇಷ್ಟ್ರೇ, ಎಲ್ಲರೂ ಆನೆ, ಡೈನೋಸಾರ್ ತಂದರೆ ನೀವು ಗಾಡಿ ಕಟ್ಟಿಕೊಂಡು ಬಂದಿರಾ 😂

ಬಯಲುಸೀಮೆ ಮೇಷ್ಟ್ರು:
ಪೂರ್ತಿ ಕೇಳಿ. ನಮ್ಮ ನಾಟಿ ದನಗಳಿಗೆ ಮೂಲ ಒಂದು ಕಾಡು ಗೂಳಿ. ಬಾಸ್ ನಮಾಡಿಕಸ್ ಅಂತಾರೆ. ದೊಡ್ಡ ಮೈ, ಅಗಲಕ್ಕೆ ಚಾಚಿದ ಕೊಂಬು. ಕಾಟಿ ಅಲ್ಲ, ಅದು ಬೇರೆ ಜಾತಿ, ಗೊಂದಲ ಮಾಡಿಕೊಳ್ಳಬೇಡಿ. ಇದನ್ನು ಸಿಂಧೂ ಬಯಲಿನ ಅಂಚಿನ ಮೆಹರ್‌ಗಢದ ಕಡೆ ಸುಮಾರು 8000 ವರ್ಷದ ಹಿಂದೆ ಪಳಗಿಸಿದರು. ಪಳಗದೆ ಕಾಡಿನಲ್ಲೇ ಉಳಿದವು ಆಮೇಲೂ ಎಷ್ಟೋ ಕಾಲ ಇದ್ದವು. ಆ ಕಾಡು ಗೂಳಿಯ ತೀರಾ ಇತ್ತೀಚಿನ ಮೂಳೆ ಅಂತ ಹೇಳುವುದು ಎಲ್ಲಿಯದನ್ನು ಗೊತ್ತಾ? ನಮ್ಮ ಕರ್ನಾಟಕದ ಬನಹಳ್ಳಿಯದನ್ನು. ಸುಮಾರು 4200 ವರ್ಷ ಹಳೆಯದು. ಅಲ್ಲಿ ರ‍್ಯಾಂಗಲ್‌ನಲ್ಲಿ ಕೊನೆಯ ಮ್ಯಾಮತ್ ಓಡಾಡುತ್ತಿದ್ದ ಕಾಲ, ಇಲ್ಲಿ ನಮ್ಮ ರಾಜ್ಯದಲ್ಲಿ ಕಾಡು ಗೂಳಿ.

ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ. ಅದೇ ಜಾಗವನ್ನು 1947ರಲ್ಲಿ ಪುರಾತತ್ವಜ್ಞ ವೀಲರ್ ಅಗೆದಾಗ ಶಾಸನಕ್ಕಿಂತ ಎಷ್ಟೋ ಹಿಂದಿನ, ಕಲ್ಲಿನ ಕೊಡಲಿ ಹಿಡಿದ ದನಗಾಹಿ ಜನರ ಗುರುತು ಸಿಕ್ಕಿತು. ಶಾಸನದಲ್ಲಿ ತಂದೆ ತಾಯಿ ಮಾತು ಕೇಳಬೇಕು, ಪ್ರಾಣಿಗಳಿಗೆ ದಯೆ ತೋರಬೇಕು, ನಿಜ ಹೇಳಬೇಕು ಅಂತ ಇದೆ. ಬರೆದವನ ಹೆಸರು ಚಪಡ. ಕೊನೆಯಲ್ಲಿ "ಲಿಪಿಕರ" ಅನ್ನುವುದನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದು, ತನಗೆ ಇನ್ನೊಂದು ಲಿಪಿಯೂ ಬರುತ್ತದೆ ಅಂತ ತೋರಿಸಿಕೊಂಡಿದ್ದಾನೆ. ಇಂಥ ಜಂಬದ ಮನುಷ್ಯ ಆ ಬೆಟ್ಟದ ಕೆಳಗೆ ಒಂದು ಕಾಡು ಗೂಳಿ ಕಂಡಿದ್ದರೆ ಸುಮ್ಮನೆ ಬಿಡುತ್ತಿದ್ದನಾ? ಬಂಡೆಯ ಮೂಲೆಯಲ್ಲಿ ಒಂದು ಕೊಂಬಾದರೂ ಗೀರುತ್ತಿದ್ದ ಅಂತ ನನಗೆ ಆಸೆ.

ಯುರೋಪಿನಲ್ಲಿ ಇದರ ದಾಯಾದಿ 1627ರವರೆಗೂ ಇತ್ತು. ಪೋಲೆಂಡಿನ ಯಾಕ್ಟೊರುಫ್ ಕಾಡಿನಲ್ಲಿ ಕೊನೆಯ ಹಸು ಸತ್ತಿದ್ದು. ರಾಜರೇ ಕಾವಲು ಹಾಕಿದ್ದರು. ನೋಡಿಕೊಳ್ಳುವ ಹಳ್ಳಿಯವರಿಗೆ ಕಂದಾಯ ಮಾಫಿ. ಆದರೂ ಉಳಿಯಲಿಲ್ಲ.

ಕೋಟೆ ಕೆಳಗಿನವ:
ಕಂದಾಯ ಮಾಫಿ, ರಾಜರ ಕಾವಲು... ರಾಜರು ದನ ಮೇಯಲು ಬಿಟ್ಟಿದ್ದ ನಮ್ಮ ಅಮೃತ್ ಮಹಲ್ ಕಾವಲಿನ ಹಾಗೇ ಇದೆಯಲ್ಲ.

ಕಿಲಾರಿ ಮೊಮ್ಮಗ:
ತುಂಬಾ ದಿನದಿಂದ ಇಲ್ಲಿ ಓದುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು. ನಮ್ಮದು ಮೊಳಕಾಲ್ಮೂರು ಕಡೆ. ನಮ್ಮ ಮ್ಯಾಸಬೇಡರಲ್ಲಿ ದೇವರ ಎತ್ತುಗಳು ಅಂತ ಇರುತ್ತವೆ. ನೇಗಿಲು ಕಟ್ಟುವುದಿಲ್ಲ, ಮಾರುವುದಿಲ್ಲ. ಮೂಗುದಾರವೂ ಇಲ್ಲ. ಅವುಗಳನ್ನು ಕಾಯುವವನು ಕಿಲಾರಿ. ನಮ್ಮಜ್ಜ ಕಿಲಾರಿಯಾಗಿದ್ದ.

ಮೇಷ್ಟ್ರು ಹೇಳಿದ್ದು ಓದಿ ಅಜ್ಜನ ಮಾತು ನೆನಪಾಯಿತು. ಹೊಸಬರು ಮಂದೆಯ ಹತ್ತಿರ ಹೋದರೆ ಎತ್ತುಗಳೆಲ್ಲಾ ಒಟ್ಟಿಗೆ ತಲೆ ಎತ್ತುತ್ತವೆ. ಒಂದೂ ಅಲುಗುವುದಿಲ್ಲ. ಕೊಂಬು ಮುಂದೆ, ಕರುಗಳು ಹಿಂದೆ. ಅಜ್ಜ ಒಂದು ಕೂಗು ಹಾಕಿದರೆ ಮಾತ್ರ ಮತ್ತೆ ಮೇಯಲು ಶುರು. "ಇವು ನಮ್ಮ ಮನೇವಲ್ಲ ಕಣೋ, ನಾವೇ ಇವುಗಳ ಮನೇವು" ಅನ್ನುತ್ತಿದ್ದ. ಬರಗಾಲದ ವರ್ಷ ಮೇವಿಗೆ ಅಲೆದು ಅಲೆದು ಅವನ ಕಾಲು ಹೋಯಿತು. ತಾನು ಅರೆಹೊಟ್ಟೆ ಉಂಡರೂ ಎತ್ತಿಗೆ ಹುಲ್ಲು ತಪ್ಪಿಸಲಿಲ್ಲ.

ದೈತ್ಯ ಪ್ರಾಣಿ ಉಳಿದಿದ್ದರೆ ಏನಾಗುತ್ತಿತ್ತು ಅಂತ ಕೇಳಿದಿರಲ್ಲ. ಯಾರೋ ಒಬ್ಬ ಅದರ ಹಿಂದೆ ಹುಲ್ಲು ಹುಡುಕಿಕೊಂಡು ತಿರುಗಬೇಕಾಗುತ್ತಿತ್ತು.

ಜೋಗಿಮಟ್ಟಿ ಗಾಳಿ:
ಇವರ ಮಾತಿನ ಮುಂದೆ ನನ್ನ ಆನೆ ಯಾಕೋ ಚಿಕ್ಕದಾಯಿತು.

ಕಲ್ಲು ಒಡೆಯುವವಳು:
ಇನ್ನೊಂದು ಹೇಳಿಬಿಡುತ್ತೇನೆ, ಇದು ಸ್ವಲ್ಪ ಬೇಜಾರಿನದು. 1741ರಲ್ಲಿ ಬೇರಿಂಗ್ ಅನ್ನುವ ನಾವಿಕನ ಹಡಗು ಒಡೆದು ಒಂದು ಖಾಲಿ ದ್ವೀಪದಲ್ಲಿ ಸಿಕ್ಕಿಕೊಂಡಾಗ, ಜೊತೆಗಿದ್ದ ವಿಜ್ಞಾನಿ ಸ್ಟೆಲ್ಲರ್ ಅಲ್ಲಿ ಒಂದು ಕಡಲ ಹಸು ನೋಡಿದ. ಎಂಟು ಮೀಟರ್ ಉದ್ದ, ಹಲ್ಲೇ ಇಲ್ಲ, ಕಡಲ ಪಾಚಿ ಮೇಯುತ್ತಾ ತೇಲುವ ಸಾಧು ಪ್ರಾಣಿ. ಹಿಮಯುಗದಿಂದ ಅದು ಹೇಗೋ ಅಲ್ಲೊಂದು ಕಡೆ ಉಳಿದಿತ್ತು. ಅಳತೆ ಹಿಡಿದ, ನಡತೆ ಬರೆದ. ಆಮೇಲೆ ತುಪ್ಪಳದ ವ್ಯಾಪಾರಿಗಳು ಅದೇ ದಾರಿಯಲ್ಲಿ ಬಂದು ತಿನ್ನಲು ಶುರು ಮಾಡಿದರು. 1768ಕ್ಕೆ ಒಂದೂ ಇಲ್ಲ. 27 ವರ್ಷ. ಅದನ್ನು ಜೀವಂತ ನೋಡಿ ಬರೆದ ವಿಜ್ಞಾನಿ ಅವನೊಬ್ಬನೇ.

ಜಗಳೂರು ಜಾಲಿ:
ಅಷ್ಟು ದೂರ ಯಾಕೆ? ನಮ್ಮ ಎರೆಭೂತ ಏನಾಯಿತು? ಎರೆಹೊಲದಲ್ಲಿ ಸೊಂಟದೆತ್ತರ ನಿಲ್ಲುವ ಹಕ್ಕಿ. ನಮ್ಮಜ್ಜಿ ಚಿಕ್ಕವಳಿದ್ದಾಗ ನೋಡಿದ್ದಳಂತೆ. ಈಗ ದೇಶ ಪೂರ್ತಿ ಎಣಿಸಿದರೂ 150ರ ಆಸುಪಾಸು ಅಂತಾರೆ. ಇನ್ನು 50 ವರ್ಷಕ್ಕೆ ಯಾರೋ ಹುಡುಗ "ಮನುಷ್ಯನ ಸೊಂಟದೆತ್ತರದ ಹಕ್ಕಿ ಜಗಳೂರಿನಲ್ಲಿ ಇದ್ದಿದ್ದರೆ?" ಅಂತ ಕೇಳುತ್ತಾನೆ. ಕಲ್ಪನೆ ಅಂತೀರಿ.

ಬೆಣ್ಣೆ ಖಾಲಿ:
ನಗಿಸಲು ಬಂದವನನ್ನು ಅಳಿಸಿಬಿಟ್ಟಿರಲ್ಲ. ಯಾರಾದರೂ ಆ ಹಲ್ಲಿನ ಫೋಟೋ ಹಾಕ್ರಪ್ಪ.

ಕೋಟೆ ಕೆಳಗಿನವ:
ಫೋಟೋ ಇಲ್ಲ. ಗುಡಿ ಹತ್ತುವಷ್ಟರಲ್ಲಿ ನನ್ನ ಫೋನ್ ಚಾರ್ಜ್ ಮುಗಿದಿತ್ತು, ಹುಡುಗ ದಾರಿ ತುಂಬಾ ಗೇಮ್ ಆಡಿ.

ಇಲ್ಲಿ ಬಂದಿದ್ದನ್ನೆಲ್ಲಾ ರಾತ್ರಿ ಅವನಿಗೆ ಓದಿ ಹೇಳಿದೆ. 260 ಕೋಟಿ ವರ್ಷ ಅಂದಾಗ ಆಕಳಿಸಿದ. ಕೋಳಿ ಡೈನೋಸಾರ್ ಅಂದಾಗ ಎದ್ದು ಕೂತ. ಸೇಂಟ್ ಪಾಲ್ ಮ್ಯಾಮತ್ ಕಥೆಯನ್ನು ಎರಡು ಸಲ ಓದಿಸಿದ. ಬೆಳಿಗ್ಗೆ ನೋಡಿದರೆ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಒಂದು ಚಿತ್ರ. ಕೋಟೆ ಬಾಗಿಲಲ್ಲಿ ದೊಡ್ಡ ಆನೆ ಅರ್ಧಕ್ಕೆ ಸಿಕ್ಕಿಹಾಕಿಕೊಂಡಿದೆ. ಒಳಗಡೆ ಓಬವ್ವ ಒನಕೆ ಹಿಡಿದು ತಲೆ ಕೆರೆದುಕೊಳ್ಳುತ್ತಿದ್ದಾಳೆ. ಹೊರಗಡೆ ಆನೆಯ ಹಿಂದೆ ಒಂದು ಲಾರಿ, ಅದರ ಪಕ್ಕ ಪೈಪ್ ಹಿಡಿದು ನಿಂತ ಒಬ್ಬ ಮನುಷ್ಯ.

ಇವನು ಯಾರೋ, ಹೈದರ್ ಅಲಿನಾ ಅಂತ ಕೇಳಿದೆ.

"ಅಲ್ಲ ಮಾಮಾ, ನೀರಿನ ಟ್ಯಾಂಕರ್‌ನವನು."